ಮೈಲಪ್ಪನ ತೆಪ್ಪ, ಮೈಲಪ್ಪನ ಮೀಸೆ

ಹರಿಹರದ ಮೈಲಪ್ಪನ ಮೀಸೆ ಎಷ್ಟು ದೊಡ್ಡದೆಂದರೆ, ಆತ ಬೈಕ್ ಹತ್ತಿ ದಾವಣಗೆರೆಗೆ ಹೊರಟರೆ, ಮೀಸೆ ಅಲ್ಲಿನ ಎಂ.ಸಿ.ಸಿ. ಬಡಾವಣೆಯಲ್ಲಿ ಚಹಾ ಕುಡಿದು ಮುಗಿಸುವ ಹೊತ್ತಿಗೆ ಮೈಲಪ್ಪ ಇನ್ನೂ ದಾರಿಯಲ್ಲಿನ ಬಾತಿ ಕೆರೆ ದಾಟುತ್ತಿದ್ದ. ಅಂಥ ಮೀಸೆಯನ್ನು ಆತ ಪಣಕ್ಕಿಟ್ಟ.

ಮೈಲಪ್ಪ ವೆಲ್ಡರ್. ಮುಂಬೈ ಕಡಲಿನಲ್ಲಿ ಎಣ್ಣೆ ತೆಗೆಯುವ ತೇಲುಕಟ್ಟೆಗಳ ಮೇಲೆ ದುಡಿದವ. ತಿಮಿಂಗಿಲದ ಬೆನ್ನನ್ನೇ ಸ್ಟೂಲು ಮಾಡಿಕೊಂಡು ಬೋಲ್ಟ್ ಬಿಗಿದೆ ಎನ್ನುತ್ತಿದ್ದ. ಊರಿಗೆ ಮರಳಿದವನು, ನಂದಿಗುಡಿಯ ಶಿವಯೋಗಪ್ಪನವರ ಬೇಸಿಗೆ ಭತ್ತಕ್ಕೆ ನೀರೆತ್ತಲು, ಕಬ್ಬಿಣದ ಡ್ರಮ್ಮುಗಳನ್ನು ಬೆಸೆದು ಪಂಪ್ ಹೊರುವ ತೆಪ್ಪವೊಂದನ್ನು ಹೊಳೆಗೆ ಬಿಟ್ಟ.

“ಈ ಬಿಸಿಲಿಗೆ ತಡಿತೈತೇನಪ್ಪಾ?” ಎಂದರು ಶಿವಯೋಗಪ್ಪ.

“ಭತ್ತ ಕೊಯ್ಯೋದ್ರಾಗೆ ಮುಳುಗಿದ್ರೆ ಮೀಸೆ ಬೋಳುಸ್ತೀನಿ ಗೌಡ್ರೇ! ಸಮುದ್ರದ ಕಟ್ಟೆಗಳೇ ಈಗ ಸೊರಗ್ಯಾವು. ಬಿಸಿಲು ಹೆಚ್ಚಾತು, ಬಿರುಗಾಳಿ ಹೆಚ್ಚಾತು. ಮೊಮ್ಮಕ್ಕಳ ಕಾಲಕ್ಕಿರ್ಲಿ ಅಂತ ಮಾಡಿದ್ದು ಮಕ್ಕಳ ಕಾಲಕ್ಕೇ ಬಿರುಕು ಬಿಡ್ತಾವು. ಯಾಕ? ಕಟ್ಟೋರು ಹಳೇ ಬಿಸಿಲಿನ ಲೆಕ್ಕಾನೇ ಹಿಡ್ಕಂಡು ಕುಂತಾರೆ!”

ಇಷ್ಟು ಹೇಳಿದವನೇ, ಅಪ್ಪ ತನ್ನ ಹರಿಗೋಲಿಗೆ ಬಳಿಯುತ್ತಿದ್ದ ಹಾಗೆ, ತೆಪ್ಪಕ್ಕೆ ದಪ್ಪಗೆ ಡಾಂಬರು ಬಳಿದ.

ಯುಗಾದಿಗೆ ಮುಂಚೆಯೇ ಬಿಸಿಲು ಹೇಗಿತ್ತೆಂದರೆ, ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವು. ಮಧ್ಯಾಹ್ನ ಕರಿ ಡ್ರಮ್ಮುಗಳು ಉಬ್ಬಿ ‘ಢಬ್’ ಎನ್ನುವುದು, ಸಂಜೆ ತಣ್ಣಗಾಗಿ ಕುಗ್ಗುವುದು. ಕೊನೆಗೊಂದು ಬೆಸುಗೆ ಬಿಟ್ಟು ತೆಪ್ಪ ಮಗ್ಗುಲಿಗೆ ವಾಲಿತು. ಮೈಲಪ್ಪ ಮೀಸೆ ಹಿಡಿದುಕೊಂಡೇ ಓಡಿದ. ಬೆಸೆದ. ಮತ್ತೆ ಡಾಂಬರಿನ ಡಬ್ಬಿ ತೆರೆದ.

ಬುತ್ತಿ ತಂದ ಹೆಂಡತಿ ಉಡಚಮ್ಮ ತೆಪ್ಪದ ಮೇಲೆ ಕಾಲಿಟ್ಟವಳು ಚುರ್ರೆಂದು ಹಾರಿದಳು. “ಅಯ್ಯಯ್ಯ, ರೊಟ್ಟಿ ಹಂಚನ್ನ ಹೊಳೀಗೆ ಬಿಟ್ಟೀರಲ್ರೀ! ಮನೆ ಮಾಳಿಗೆಗೆ ಸುಣ್ಣ ಯಾಕ ಹೊಡಿತೀವಿ? ತಂಪಿರ್ಲಿ ಅಂತಲ್ಲೇನು?”

“ಅಪ್ಪನ ಕಾಲದಿಂದ ಡಾಂಬ್ರೇ ಐತೆ.”

“ಅಪ್ಪನ ಕಾಲದ ಬಿಸ್ಲು ಐತೇನು? ಹಳೇ ಲೆಕ್ಕ ಅಂತ ಗೌಡ್ರ ಮುಂದೆ ಭಾಷಣ ಬಿಗಿದೋರು ಯಾರು?”

ಮೈಲಪ್ಪ ಡಾಂಬರಿನ ಡಬ್ಬಿಗೆ ಮುಚ್ಚಳ ಹಾಕಿದ. ಆತ ಇನ್ನೊಬ್ಬರ ಮಾತು ಕೇಳಿದ್ದು ಜಿಲ್ಲೆಯ ಚರಿತ್ರೆಯಲ್ಲೇ ಅದು ಮೊದಲ ಸಲ. ಉಡಚಮ್ಮ ಹಬ್ಬಕ್ಕೆಂದು ಕಲಸಿಟ್ಟ ಸುಣ್ಣಕ್ಕೆ ಗೋಂದು ಬೆರೆಸಿ ತಂದು, ನೀರ ಮೇಲೆ ಕಾಣುವ ತೆಪ್ಪದ ಮೈಗೆಲ್ಲ ಬಳಿದಳು. ಢಬ್ ಸದ್ದು ನಿಂತಿತು. ಭತ್ತ ಕೊಯ್ದ ದಿನವೂ ತೆಪ್ಪ ಮದುವೆ ಮನೆಯಂತೆ ಬೆಳ್ಳಗೆ ತೇಲುತ್ತಿತ್ತು.

ಶಿವಯೋಗಪ್ಪ ಬೇಕೆಂದೇ ಕತ್ತರಿ ಹಿಡಿದು ಬಂದಿದ್ದರು. “ಉಳೀತಲ್ಲಪ್ಪಾ ನಿನ್ನ ಮೀಸೆ!”

“ಮೀಸೆ ನಂದಲ್ರೀ ಗೌಡ್ರೇ, ಅದನ್ನ ಉಳಿಸಿದಾಕೀದು,” ಎಂದ ಮೈಲಪ್ಪ, ದೊಡ್ಡ ಮನಸ್ಸು ಮಾಡಿ.

“ಹಂಗಾದ್ರೆ ಕೊಡ್ರಿಲ್ಲಿ ಕತ್ತರಿ,” ಎಂದು ಉಡಚಮ್ಮ ಕೈ ಚಾಚಿದಳು. “ಮಾಡಿದ ಸಾರಿನಾಗೆ ಅರ್ಧ ಈ ಮೀಸೇನೇ ಕುಡಿತೈತೆ.”

ಈಗ ಮೈಲಪ್ಪ, ಮೀಸೆ ಇಬ್ಬರೂ ಒಟ್ಟಿಗೇ ದಾವಣಗೆರೆ ಮುಟ್ಟುತ್ತಾರೆ.