ಹಲ್ಲಿನಲ್ಲಿ ಆಲಿಸುವ ಅಸದುಲ್ಲಾ

ಬೆಳಕು ಹರಿಯುವ ಹೊತ್ತು. ರಾಮನಗರದ ಗಲ್ಲಿಯೊಂದರಲ್ಲಿ, ಅಕ್ಬರಿ ಬೇಗಂ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಅಸದುಲ್ಲಾ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಸಿಪ್ಪೆ ಸುಲಿದ ಹಿಪ್ಪುನೇರಳೆ ಕಡ್ಡಿ. ಅದರ ಒಂದು ತುದಿ ಬಿಸಿನೀರಿನ ಪಂಪಿನ ಮೈಮೇಲೆ, ಇನ್ನೊಂದು ಅವರ ಮುಂಬಲ್ಲುಗಳ ನಡುವೆ. ಪಂಪು ಗರಗರ ಅರಚುತ್ತಿದೆ. ಆ ಸದ್ದಿಗೆ ಅಕ್ಕಪಕ್ಕದ ಮನೆಯವರೆಲ್ಲ ಎದ್ದಾಯ್ತು. ಅಸದುಲ್ಲಾ ಅವರಿಗೆ ಮಾತ್ರ ಅದು ಕೇಳಿಸುವುದಿಲ್ಲ. ಅವರ ಎರಡೂ ಕಿವಿ ಹೋಗಿವೆ.

ಇದು ರೇಷ್ಮೆ ನೂಲು ಬಿಚ್ಚುವ ಮನೆ. ಬಾಯ್ಲರಿನಲ್ಲಿ ಕಾದ ನೀರನ್ನು ಪೈಪುಗಳಲ್ಲಿ ಸುತ್ತಿಸಿ, ಗೂಡು ತೇಲುವ ಬೇಸಿನ್ನುಗಳನ್ನು ಬೆಚ್ಚಗಿಡುವುದು ಈ ಪಂಪಿನ ಕೆಲಸ. ಬೇಸಿನ್ನು ತಣ್ಣಗಾದರೆ ಎಳೆ ಬಿಚ್ಚಿಕೊಳ್ಳದೆ ಪಟಪಟ ಕಡಿಯುತ್ತದೆ. ನಿನ್ನೆ ಹೆದ್ದಾರಿ ಕಡೆಯ ರಿಪೇರಿ ಅಂಗಡಿಯವನೊಬ್ಬ ಬಂದು, ಬೇರಿಂಗು ಹೋಗಿದೆ, ಪಂಪು ಬಿಚ್ಚಿ ಬೆಂಗಳೂರಿಗೆ ಕಳಿಸಬೇಕು, ವಾರ ಹಿಡಿಯುತ್ತೆ ಅಂದು ಹೋದ. ಗೂಡು ವಾರ ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಕೊರೆದು ಆಚೆ ಬಂದರೆ, ತೂತುಬಿದ್ದ ಗೂಡಿನಿಂದ ನೂಲು ಬಾರದು. ಗಂಡ ತೀರಿಕೊಂಡ ಮೇಲೆ ಅಕ್ಬರಿ ಬೇಗಂ ಮೊದಲ ಸಲ ತಾವೇ ಮಾರ್ಕೆಟ್ಟಿಗೆ ಹೋಗಿ, ಗಂಡಸರ ನಡುವೆ ಹರಾಜು ಕೂಗಿ ತಂದ ಗೂಡು ಅದು.

ಬೇಸಿನ್ನಿನ ಮುಂದೆ ಕೈಕಟ್ಟಿ ಕೂತ ಕೈಲಾಂಚ ಹಳ್ಳಿಯಿಂದ ನೂಲು ಬಿಚ್ಚಲು ಬರುವ ಸಿದ್ದಮ್ಮನಿಗೆ ಸುಮ್ಮನಿರಲಾಗುವುದಿಲ್ಲ. "ಬಡ್ಕೊಳ್ತಾ ಇರೋದು ಪಂಪು, ನೋಡಾಕೆ ಕರ್ಸಿರೋದು ಕಿವುಡ್ನ. ಚೆನ್ನಾಗೈತೆ ನಮ್ ಬಾಳು."

ಅಸದುಲ್ಲಾ ಕಡ್ಡಿ ತೆಗೆದು ನಗುತ್ತಾರೆ. "ಸಿದ್ದಕ್ಕ, ಬೈಗುಳ ತುಟೀಲಿ ಬೇಗ ಗೊತ್ತಾಯ್ತದೆ."

"ಹಂಗಾರೆ ತಿರುಗಿ ಕೂತ್ಕೊಂಡು ಬೈತೀನಿ ಬುಡಿ ಸಾಬ್ರೆ."

ಅಸದುಲ್ಲಾ ಮೋಟಾರು ರಿಪೇರಿ ಕಲಿತದ್ದು ಇದೇ ಊರಲ್ಲಿ. ಬಿಡದಿ ಕಡೆ ಫ್ಯಾಕ್ಟರಿಗಳು ಏಳತೊಡಗಿದಾಗ ತಿಂಗಳ ಸಂಬಳದ ಆಸೆಗೆ ತಗಡು ಒತ್ತುವ ಶೆಡ್ಡೊಂದನ್ನು ಸೇರಿದರು. ಅಲ್ಲಿನ ಬಡಿತ ಕಿವಿ ತಿಂದಿತು. 2004ರಲ್ಲಿ ಮನೆಗೆ ಕಳಿಸಿದರು. ಸದ್ದೇ ಕೇಳದ ರಿಪೇರಿಯವನನ್ನು ಯಾರು ಕರೆದಾರು?

"ಒಂದಿನ ಬೇಜಾರಲ್ಲಿ ನಲ್ಲಿ ಪೈಪಿಗೆ ಗದ್ದ ಊರ್ಕೊಂಡು ಕೂತಿದ್ದೆ. ನೀರು ಓಡೋದು ತಲೇಲೆಲ್ಲ ಹರಿದಂಗಾಯ್ತು. ಅಳು ಬಂದ್ಬುಡ್ತು," ಎನ್ನುತ್ತಾರೆ. ಹಾಗೆ ಹುಟ್ಟಿದ್ದು ಈ ಕಡ್ಡಿ. ನಂಬಿ ಮೊದಲು ಕರೆದವರು ಅಕ್ಬರಿ ಬೇಗಂ ಅವರ ಗಂಡ. "ಅವರ ಋಣ ಐತೆ. ಈ ಮನೆ ಗೂಡು ಹಾಳಾದ್ರೆ ನಂಗೆ ಅನ್ನ ಇಳಿಯಾಕಿಲ್ಲ."

ಮತ್ತೆ ಕಡ್ಡಿ ಕಚ್ಚಿ ನೋಡಿ, ತೆಗೆದು, ಪಕ್ಕದಲ್ಲಿ ನಿಂತ ಅಕ್ಬರಿ ಬೇಗಂ ಕಡೆ ತಿರುಗುತ್ತಾರೆ. "ಸವೆದ ಬೇರಿಂಗು ರಾಗಿಕಲ್ಲು ಬೀಸ್ದಂಗೆ ಒಂದೇ ಸಮ ಉಜ್ತದೆ ಆಪಾ. ಇದು ಡಬ್ಬದಾಗೆ ಕಲ್ಲು ಕುಲುಕ್ದಂಗೆ, ಒಂದ್ಗಳಿಗೆ ಐತೆ, ಒಂದ್ಗಳಿಗೆ ಇಲ್ಲ. ಪಂಪಿಗೆ ನೀರು ಸಾಲ್ತಿಲ್ಲ." ಪೈಪಿನುದ್ದಕ್ಕೂ ಕಡ್ಡಿ ಊರುತ್ತ ಪಂಪು ನೀರೆಳೆಯುವ ತೊಟ್ಟಿಯ ತನಕ ಹೋಗುತ್ತಾರೆ. ಪಂಪು ನಿಲ್ಲಿಸಿ, ತೊಟ್ಟಿಯೊಳಗೆ ತಂತಿಯ ಕೊಕ್ಕೆ ಬಿಟ್ಟು ಪೈಪಿನ ಬಾಯಿ ತಡಕುತ್ತಾರೆ. ಎಳೆದರೆ, ಸುಣ್ಣದ ಕೆಸರು ಮೆತ್ತಿ ಹಲಗೆಯಂತಾದ ದುಪಟ್ಟಾ ತುಂಡು.

ಅಕ್ಬರಿ ಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದ ಚಕ್ಕೆ ಪಂಪಿಗೆ ಹೋಗದಿರಲೆಂದು ಅದನ್ನು ಕಟ್ಟಿದವರು ಅವರೇ. "ಜೋಪಾನ ಮಾಡಕ್ಕೆ ಹೋಗಿ ಅದರ ಉಸಿರೇ ಕಟ್ಟಿಸ್ಬಿಟ್ಟೆ ಭಾಯ್."

"ಕಟ್ಟಿದ್ದು ತಪ್ಪಲ್ಲ ಆಪಾ. ಹಾಲು ಸೋಸೋ ಬಟ್ಟೇನೂ ದಿನಾ ಒಗೀಬೇಕಲ್ವಾ. ಜಾಲರಿ ಹಾಕ್ಕೊಡ್ತೀನಿ, ಆಗಾಗ ತೊಳೀತಿರಿ."

ಪಂಪಿನ ಸಣ್ಣ ತಿರುಪು ಸಡಿಲಿಸಿ ಒಳಗೆ ಸೇರಿದ್ದ ಗಾಳಿ ಬಿಟ್ಟು, ಮತ್ತೆ ಬಿಗಿದು ಸ್ವಿಚ್ಚು ಒತ್ತುತ್ತಾರೆ. ಕಾಲು ಗಂಟೆಯಲ್ಲಿ ಬೇಸಿನ್ನಿನಿಂದ ಹಬೆ ಏಳುತ್ತದೆ. ಸಿದ್ದಮ್ಮನ ಬೆರಳಿಗೆ ಎಳೆ ಸಿಗುತ್ತದೆ, ಕಡಿಯದೆ ಬರುತ್ತದೆ. ಅಕ್ಬರಿ ಬೇಗಂ ಅಸದುಲ್ಲಾರ ಎದುರಿಗೇ ಬಂದು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳುತ್ತಾರೆ: "ಅವರಿದ್ದಿದ್ರೆ ನಿಮ್ಮನ್ನೇ ಮೊದ್ಲು ಕರೀತಿದ್ರು. ನಾನು ತಡ ಮಾಡ್ದೆ."

ಅಸದುಲ್ಲಾ ಈ ಸಲ ಕಡ್ಡಿ ಎತ್ತಿಕೊಳ್ಳುವುದಿಲ್ಲ. ಬೇಸಿನ್ನುಗಳ ಮುಂದೆ ಕೂತ ಹೆಂಗಸರ ಕಡೆ ನೋಡುತ್ತಾರೆ. ಸಿದ್ದಮ್ಮ ಪಕ್ಕದವಳಿಗೆ ಏನೋ ಹೇಳುತ್ತಾಳೆ, ಕತ್ತು ಚಾಚದೆ, ಕೂಗದೆ. ಇಬ್ಬರೂ ನಗುತ್ತಾರೆ.

"ಸದ್ದು ನಿಂತಿದ್ದು ನಂಗೆ ಹೆಂಗೆ ಗೊತ್ತಾಯ್ತದೆ ಅಂತ ಎಲ್ರೂ ಕೇಳ್ತಾರೆ," ಎನ್ನುತ್ತ ಅವರು ಸಾಮಾನಿನ ಚೀಲ ಕಟ್ಟುತ್ತಾರೆ. "ಅಲ್ನೋಡಿ. ಮೆತ್ತಗೆ ಮಾತಾಡಾಕೆ ಸುರು ಮಾಡಿದ್ರು. ಏನ್ ಮಾತಾಡ್ತಾರೋ, ಅದು ಅವ್ರ ವಿಷ್ಯ."