ಮೂರನೆಯ ದಿನದ ಹುಣಸೆ ಬೀಜ

ಎಡಗಡೆಯಿಂದ ಮೂರನೆಯ ಪಟ್ಟಿಯ ಕೆಳಗೆ ಎಳ್ಳಿನಷ್ಟು ದೊಡ್ಡ ಒಂದು ಗುಳ್ಳೆ. ನೀಲಿ ಬಣ್ಣ ಅದನ್ನು ಸುತ್ತುವರಿದಿದೆ, ಒಳಗೆ ಹೋಗಿಲ್ಲ. ಆ ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ಕಂಡ ಕೂಡಲೇ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ. ಆ ಗುಳ್ಳೆ ನನ್ನದು.

ಗುಳ್ಳೆಗೂ ಒಡೆಯರಿರುತ್ತಾರೆಯೇ ಎಂದು ನೀವು ನಗಬಹುದು. ಇರುತ್ತಾರೆ. ಪ್ರೋಟೀನುಗಳನ್ನು ಬೇರ್ಪಡಿಸಲು ನಾವು ಎರಡು ಗಾಜುಗಳ ನಡುವೆ ಜೆಲ್ ಎಂಬ ತೆಳುವಾದ ಅಂಟಿನ ಹಾಳೆಯನ್ನು ಎರೆಯುತ್ತೇವೆ. ಅದರಲ್ಲಿ ವಿದ್ಯುತ್ ಹರಿಸಿ ಬಣ್ಣ ಹಾಕಿದರೆ ಪ್ರೋಟೀನುಗಳು ನೀಲಿ ಪಟ್ಟಿಗಳಾಗಿ ಕಾಣುತ್ತವೆ. ಎರೆಯುವಾಗ ಕೈ ನಡುಗಿದರೆ ಗಾಳಿ ಸೇರಿಕೊಳ್ಳುತ್ತದೆ. ನನ್ನ ಕೈ ನಡುಗುತ್ತಿದ್ದದ್ದು ಹೆಚ್ಚಾಗಿ ಮೂರನೆಯ ಪಟ್ಟಿಯ ಹತ್ತಿರವೇ ಎಂದು ತುಮಕೂರಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. "ಏನಮ್ಮ, ಇವತ್ತೂ ದೃಷ್ಟಿಬೊಟ್ಟು ಇಟ್ಟಿದೀಯಾ?" ಎಂದು ನಮ್ಮ ಪಿಎಚ್‌ಡಿ ಗೈಡ್ ಕೇಳುತ್ತಿದ್ದರು.

ಅವರನ್ನು ನಾವು ಬರೀ ಸರ್ ಎನ್ನುತ್ತಿದ್ದೆವು. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಜೇಬಿನಲ್ಲಿ ಪೆನ್ನಿರುತ್ತಿತ್ತೋ ಇಲ್ಲವೋ, ಒಂದು ಹಿಡಿ ಹುಣಸೆ ಬೀಜ ಇದ್ದೇ ಇರುತ್ತಿತ್ತು. ಹುಳುಗಳಿಂದ ಆ ಬೀಜವನ್ನು ಕಾಪಾಡುವ ಒಂದು ಪ್ರೋಟೀನಿನ ಹಿಂದೆ ಅವರ ಆಯುಷ್ಯವೆಲ್ಲ ಹೋಯಿತು. "ತಿಂದ ಹುಳಕ್ಕೆ ಅರಗಲ್ಲ ಕಣಮ್ಮ, ನಮ್ ಹಾಸ್ಟೆಲ್ ಮುದ್ದೆ ಇದ್ದಂಗೆ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಅದೇ ಜೋಕು, ಪ್ರತಿ ವರ್ಷ. ಹೋದ ವರ್ಷ ಆ ಜೋಕು ಹೇಳಲು ಅವರಿರಲಿಲ್ಲ.

ಅವರು ತೀರಿಕೊಂಡ ಮೇಲೆ ನನಗೆ ಏನಾದರೂ ಮಾಡಬೇಕೆನಿಸಿತು. ಅಳುವುದು ನನಗೆ ಚೆನ್ನಾಗಿ ಬರುವುದಿಲ್ಲ. ಅರ್ಜಿ ತುಂಬುವುದು ಬರುತ್ತದೆ. ಜೀವರಸಾಯನ ವಿಜ್ಞಾನದ ಒಂದು ಪತ್ರಿಕೆಗೆ, ಬೀಜಗಳನ್ನು ಕಾಯುವ ಪ್ರೋಟೀನುಗಳ ಮೇಲೆ ವಿಶೇಷ ಸಂಚಿಕೆ ತರೋಣವೆಂದು ಬರೆದೆ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ಸಂಚಿಕೆ ಈಗಲೇ ಏಕೆ? ಸರ್ ಹೋದರು, ಅದಕ್ಕೆ ಎಂದು ಬರೆಯಲಾಗದು. "ಬೀಜ ನೆನೆದ ಮೂರನೆಯ ದಿನವೂ ಈ ಪ್ರೋಟೀನು ಕುಂದದೆ ಉಳಿಯುವುದರಿಂದ" ಎಂದು ಶುರುಮಾಡಿ, ಆಧಾರವಾಗಿ ಅದೇ ಪತ್ರಿಕೆಯಲ್ಲಿ ಬಂದಿದ್ದ ನನ್ನದೇ ಹಳೆಯ ಲೇಖನವನ್ನು ಕೊಟ್ಟೆ. ಒಪ್ಪಿಗೆ ಬಂತು. ನಾನು ಅತಿಥಿ ಸಂಪಾದಕಿಯಾದೆ.

ಕುಣಿಗಲ್‌ನಲ್ಲಿರುವ ಅಮ್ಮನಿಗೆ ಇದನ್ನು ಅರ್ಥಮಾಡಿಸಲು ಬಹಳ ಹೊತ್ತು ಹಿಡಿಯಿತು. "ಊಟಕ್ ಬಂದವ್ರ ಕೈಗೇ ಸೌಟು ಕೊಟ್ಟಂಗಾಯ್ತು ಬುಡು" ಎಂದಳು.

"ಹೂಂ, ಯಾರಿಗೆ ಎಲೆ ಹಾಕ್ಬೇಕು, ಯಾರನ್ನ ಎಬ್ಬಿಸ್ಬೇಕು ಅನ್ನೋದೂ ನಾನೇ ನೋಡ್ಬೇಕಮ್ಮ."

"ಎಲೆ ಮುಂದೆ ಕೂತವ್ರನ್ನ ಎಬ್ಬಿಸ್ಬ್ಯಾಡ ಕಣೇ. ಪಾಪ ಸುತ್ಕೊಳ್ತದೆ."

ಲೇಖನಗಳು ಬರತೊಡಗಿದವು. ಅವುಗಳಲ್ಲೊಂದು ಲೋಕೇಶನದು. ಅವನು ಸರ್ ಅವರ ಕೊನೆಯ ವಿದ್ಯಾರ್ಥಿ, ಹುತ್ರಿದುರ್ಗದ ಕಡೆಯವನು, ಈಗ ಕುಣಿಗಲ್‌ನಲ್ಲಿ ಅತಿಥಿ ಉಪನ್ಯಾಸಕ. ಒಂದೇ ಲ್ಯಾಬಿನವರ ಲೇಖನವನ್ನು ತೆರೆಯದೆ ಪ್ರಧಾನ ಸಂಪಾದಕರಿಗೆ ದಾಟಿಸಬೇಕೆಂಬುದು ನಿಯಮ. ಸುಮ್ಮನೆ ಒಮ್ಮೆ ನೋಡೋಣವೆಂದು ತೆರೆದೆ. ನಾಲ್ಕನೆಯ ಪುಟದಲ್ಲಿ ನನ್ನ ಗುಳ್ಳೆ ಕೂತಿತ್ತು.

ಇಷ್ಟು ದಿನ ಯಾರಿಗೂ ಹೇಳದ್ದನ್ನು ಈಗ ನಿಮಗೆ ಹೇಳಬೇಕು. ನನ್ನ ಪಿಎಚ್‌ಡಿಯ ಕೊನೆಯ ವರ್ಷ, ನೆನೆಹಾಕಿದ ಬೀಜಗಳ ಮೊದಲ ದಿನದ ಜೆಲ್‌ಗಳು ಎರಡು ಚೆನ್ನಾಗಿ ಬಂದವು. ಮೂರನೆಯ ದಿನದ್ದು ಬಣ್ಣದ ತಟ್ಟೆಗೆ ಎತ್ತಿ ಹಾಕುವಾಗ ಹರಿದುಹೋಯಿತು. ಲೇಖನ ಕಳಿಸುವ ಗಡುವು ಹತ್ತಿರವಿತ್ತು. "ಮೊದಲನೇ ದಿನದ್ದೇ ಇನ್ನೊಂದು ಐತಲ್ಲಮ್ಮ, ಹಾಕು. ಮೂರನೇ ದಿನವೂ ಹಂಗೇ ಇರ್ತದೆ, ನಂಗೊತ್ತಿಲ್ವಾ?" ಎಂದರು ಸರ್. ನಮ್ಮ ಲ್ಯಾಬಿನಲ್ಲೊಂದು ಪದ್ಧತಿಯಿತ್ತು. ಅಚ್ಚುಕಟ್ಟಾಗಿ ಬಂದ ಜೆಲ್ ಚಿತ್ರಗಳೆಲ್ಲ "ಚೆನ್ನಾಗಿ ಬಂದವು" ಎಂಬ ಒಂದು ಫೋಲ್ಡರಿಗೆ ಹೋಗುತ್ತಿದ್ದವು. ಸಮುದಾಯ ಭವನದ ಪಾತ್ರೆಗಳ ಹಾಗೆ, ಬೇಕಾದವರು ಬೇಕಾದಾಗ ತೆಗೆದುಕೊಳ್ಳಬಹುದು. ನಾನು ತೆಗೆದುಕೊಂಡೆ. ಅಂಚು ಕತ್ತರಿಸಿದೆ; ಗುಳ್ಳೆ ಅರ್ಧ ಉಳಿಯಿತು. ಕೆಳಗೆ "ಮೂರನೆಯ ದಿನ" ಎಂದು ಬರೆದೆ.

ಮಾತು ಕಡಿಮೆಯಿರುವವರಿಗೆ ಒಂದು ಅನುಕೂಲವಿದೆ. ನಮ್ಮ ಮೌನವನ್ನು ಜನ ಸಂಕೋಚವೆಂದು ತಿಳಿಯುತ್ತಾರೆ. ಕಾಲಾಂತರದಲ್ಲಿ ನಾವೂ ಹಾಗೇ ತಿಳಿಯುತ್ತೇವೆ.

ಲೋಕೇಶನಿಗೆ ಫೋನ್ ಮಾಡಿ ಆ ಚಿತ್ರ ಎಲ್ಲಿಯದೆಂದು ಕೇಳಿದೆ.

"ಫೋಲ್ಡರಿಂದು ಅಕ್ಕ. ಯಾಕೆ, ಕ್ಲಿಯರ್ ಇಲ್ವಾ? ಪಕ್ಕದಲ್ಲೇ ಸರ್ ಬರೆದ ಚೀಟಿ ಸ್ಕ್ಯಾನ್ ಮಾಡಿಟ್ಟಿದ್ರು. ಮೊದಲನೇ ದಿನದ ಬೀಜ ಅಂತ. ಅದನ್ನೇ ಹಾಕಿದೀನಿ."

"ನನ್ನ ಹಳೇ ಲೇಖನ ನೋಡಿದೀಯಾ?"

"ಬಾಯಿಪಾಠ ಬರ್ತದೆ ಅಕ್ಕ. ಚಿತ್ರ ಮಾತ್ರ ಅಷ್ಟಾಗಿ ನೋಡಿಲ್ಲ." ನಕ್ಕ. "ಮುಂದಿನ ತಿಂಗಳು ಪರ್ಮನೆಂಟ್ ಪೋಸ್ಟಿನ ಇಂಟರ್‌ವ್ಯೂ ಐತೆ. ನೀವೇ ಎಡಿಟರ್ ಅಂದ್ಮೇಲೆ ನಂಗೇನ್ ಭಯ? ಮನೇಲಿ ಎಲ್ರಿಗೂ ಆಗ್ಲೇ ಹೇಳ್ಬುಟ್ಟಿದೀನಿ."

ಅವನು ಬರೆದಿದ್ದೇ ಸರಿ. ಸರ್ ನಿಜವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಸುಳ್ಳನ್ನು ನನ್ನ ಹೆಸರಿನಲ್ಲಿ ಅಚ್ಚಿಗೆ ಬಿಟ್ಟಿದ್ದರು. ಹೀಗೆನ್ನುವುದು ಸುಲಭ, ಅಂಚು ಕತ್ತರಿಸಿದ ಬೆರಳು ಮಾತ್ರ ನನ್ನದೇ. ಪತ್ರಿಕೆಯವರು ಪ್ರತಿ ಚಿತ್ರವನ್ನೂ ಹಳೆಯವುಗಳ ಜೊತೆ ಹೋಲಿಸುತ್ತಾರೆ. ಎರಡು ಲೇಖನಗಳಲ್ಲಿ ಒಂದೇ ಚಿತ್ರ ಸಿಕ್ಕರೆ ನಂತರ ಬಂದವನೇ ಕಳ್ಳ. ಅವನು ಕೆಲಸ ಸಿಗದೆ ಉಳಿಯುತ್ತಾನೆ, ನಾನು ಸಂಪಾದಕಿಯಾಗಿ ಉಳಿಯುತ್ತೇನೆ. ಅದಕ್ಕಿಂತ ಸಲೀಸಾದ ಇನ್ನೊಂದು ದಾರಿಯೂ ಇತ್ತು. "ಸಂಚಿಕೆಯ ವಿಷಯಕ್ಕೆ ಹೊಂದುವುದಿಲ್ಲ" ಎಂಬ ಒಂದು ಸಾಲು ಬರೆದು ಲೇಖನವನ್ನು ಅವನಿಗೇ ವಾಪಸ್ ಕಳಿಸುವುದು. ಆ ಸಾಲನ್ನು ಟೈಪ್ ಮಾಡಿದೆ. ಎಲೆ ಮುಂದೆ ಕೂತವನನ್ನು ಎಬ್ಬಿಸಲು ಅಷ್ಟು ಸಾಕಿತ್ತು.

ಮೇಜಿನ ಮೇಲೆ ಸಂಚಿಕೆಯ ಮೊದಲ ಪುಟಕ್ಕೆಂದು ತಂದ ಸರ್ ಫೋಟೋ ಇತ್ತು. ಗುಬ್ಬಿಯಲ್ಲಿ ಅವರ ಹೆಂಡತಿ ಅದನ್ನು ಸೆರಗಿನಿಂದ ಒರೆಸಿ ಕೊಟ್ಟಿದ್ದರು. "ಅವ್ರ ಹೆಸ್ರು ಎಲ್ಲಾದ್ರೂ ಒಂದ್ ಕಡೆ ಉಳೀಲಿ ಕಣಮ್ಮ" ಎಂದಿದ್ದರು. ಸಂಚಿಕೆಗೆ ಬಂದ ಇನ್ನೆರಡು ಲೇಖನಗಳೂ ನನ್ನ ಮೂರನೆಯ ದಿನವನ್ನು ನಂಬಿಯೇ ನಿಂತಿದ್ದವು. ಸಂಜೆ ಬೀದಿದೀಪ ಹತ್ತುವವರೆಗೂ ಆ ಸಾಲನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಅಳಿಸಿದೆ. ಪ್ರಧಾನ ಸಂಪಾದಕರಿಗೆ ಪತ್ರ ಬರೆದೆ: ಜೆಲ್ ನನ್ನದು, ಮೊದಲ ದಿನದ್ದು, ಲೋಕೇಶ ಬರೆದದ್ದು ಸರಿ, ನಾನು ಅಚ್ಚು ಹಾಕಿಸಿದ್ದು ತಪ್ಪು, ನನ್ನ ಲೇಖನವನ್ನು ಹಿಂತೆಗೆಯಿರಿ, ಸಂಚಿಕೆಯನ್ನು ಬೇರೆಯವರಿಗೆ ಕೊಡಿ. ಸರ್ ಹೇಳಿದ್ದರು ಎಂಬ ಸಾಲನ್ನು ಬರೆದೆ, ತೆಗೆದೆ, ಮತ್ತೆ ಬರೆದೆ. ನಿಜವಾದ್ದರಿಂದ ಬಿಟ್ಟೆ. ಕಳಿಸಿದ ಮೇಲೆ ಲೋಕೇಶನಿಗೆ ಎಲ್ಲವನ್ನೂ ಹೇಳಿದೆ.

"ಹಂಗಾದ್ರೆ ಇಂಟರ್‌ವ್ಯೂಗೆ ಮುಂಚೆ ನನ್ ಲೇಖನ ಬರಲ್ವಾ ಅಕ್ಕ?"

"ಗೊತ್ತಿಲ್ಲ ಕಣೋ. ಬರದೇ ಇರಬಹುದು."

ಅವನೇ ಫೋನ್ ಇಟ್ಟ. ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿಗೆ ಹೋಗಿ ಹುಣಸೆ ಬೀಜಗಳನ್ನು ತೂಗಿ, ತೊಳೆದು, ಗಾಜಿನ ಬಟ್ಟಲಿನಲ್ಲಿ ನೀರು ಹಾಕಿ ನೆನೆಯಲು ಬಿಟ್ಟೆ. ಮುಚ್ಚಳದ ಮೇಲೆ ತಾರೀಖು ಬರೆದೆ. ಕೆಳಗೆ "ಮೊದಲ ದಿನ" ಎಂದು ಬರೆದು, ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ.