ಆಕಾಶದಲ್ಲಿ ಬಾಗಿಲು ತೆರೆದ ದಿನ

ದೊಡ್ಡ ರಾಷ್ಟ್ರಗಳು ಮುನಿಸಿಕೊಂಡರೆ ಅದರ ಬಿಸಿ ಭೂಮಂಡಲದ ಮೂಲೆಮೂಲೆಗೂ ತಟ್ಟುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ನಿಜ ಮಕ್ಕಳೇ. ನಾನು ಚಿಕ್ಕವನಿದ್ದಾಗ ಅದು ಮುಂಬಯಿಯ ಭಾಂಡುಪ್‌ನ ನಮ್ಮ ಚಾಳಿಗೂ ತಟ್ಟಿ, ನಮ್ಮ ಬಟ್ಟೆಯ ಕಪಾಟನ್ನು ನಾಲ್ಕು ಮೊಳ ಆಚೆಗೆ ಸರಿಸಿತ್ತು.

ಚಾಳ್ ಎಂದರೆ ಉದ್ದನೆಯ ಒಂದು ಗ್ಯಾಲರಿ, ಅದಕ್ಕೆ ಸಾಲಾಗಿ ಅಂಟಿಕೊಂಡ ಒಂದೊಂದೇ ಕೋಣೆಯ ಮನೆಗಳು. ಒಂದು ಕೋಣೆ ಅಪ್ಪನದು, ಪಕ್ಕದ್ದು ಚಿಕ್ಕಪ್ಪನದು. ನಡುವಿನ ಗೋಡೆಯಲ್ಲೊಂದು ಬಾಗಿಲು. ಅಜ್ಜಿ ಆ ಬಾಗಿಲಲ್ಲೇ ಚಾಪೆ ಹಾಸಿ, ತಲೆಯನ್ನು ಒಬ್ಬ ಮಗನ ಮನೆಯಲ್ಲೂ ಕಾಲನ್ನು ಇನ್ನೊಬ್ಬ ಮಗನ ಮನೆಯಲ್ಲೂ ಇಟ್ಟು ಮಲಗುತ್ತಿದ್ದಳು. ಯಾರಿಗೂ ಬೇಸರವಾಗಬಾರದೆಂದು ತಿಂಗಳಿಗೊಮ್ಮೆ ದಿಕ್ಕು ಬದಲಿಸುತ್ತಿದ್ದಳು.

ಅಪ್ಪ ರಷ್ಯಾದ ಪರ. ಅವರ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದ ರಷ್ಯಾದ ಇಂಜಿನಿಯರೊಬ್ಬ, ಎಣ್ಣೆ ಮೆತ್ತಿದ ಅಪ್ಪನ ಕೈಯನ್ನು ಒರೆಸಿಕೊಳ್ಳಲೂ ಬಿಡದೆ ಕುಲುಕಿದ್ದನಂತೆ. ಚಿಕ್ಕಪ್ಪ ಅಮೆರಿಕದ ಪರ. ಅವರು ಒಂದು ಅಮೆರಿಕನ್ ಕಂಪನಿಯಲ್ಲಿ ಟೈಪಿಸ್ಟ್. ಚಂದ್ರನ ಮೇಲೆ ನಿಂತ ಮನುಷ್ಯನ ಚಿತ್ರವಿದ್ದ ಕ್ಯಾಲೆಂಡರನ್ನು ವರ್ಷ ಮುಗಿದರೂ ಗೋಡೆಯಿಂದ ಇಳಿಸಿರಲಿಲ್ಲ. ದಿನವೂ ಸಂಜೆ ಅಣ್ಣತಮ್ಮಂದಿರು ಆ ಬಾಗಿಲ ಆಚೆ ಈಚೆ ಕುಳಿತು, ಚಹಾ ಕುಡಿಯುತ್ತಾ ಎರಡು ದೇಶಗಳ ಶೃಂಗಸಭೆ ನಡೆಸುತ್ತಿದ್ದರು.

ಒಂದು ಸಂಜೆ ಚಿಕ್ಕಪ್ಪ ಕೆಣಕಿದರು: "ಎಂತ ಅಣ್ಣ, ಚಂದ್ರನ ಮೇಲೆ ಕಾಲಿಡ್ಲಿಕ್ಕೆ ನಿಮ್ಮವರು ಇನ್ನೂ ಮುಹೂರ್ತ ಹುಡುಕ್ತಾ ಇದ್ದಾರಾ?"

ಅಪ್ಪನಿಗೆ ರೇಗಿತು. "ನಿನ್ನವರು ರೇಷನ್ನಿಗೆ ಕಳಿಸಿದ ಕೆಂಪು ಗೋಧಿಯನ್ನು ದನ ಸಹ ಮೂಸುದಿಲ್ಲ ಮಾರಾಯ. ಅಂಥವರ ಎಂಜಲಿಗೆ ಕೈಯೊಡ್ಡುವವ ನೀನು!"

ಚಿಕ್ಕಪ್ಪ ಲೋಟ ಕೆಳಗಿಟ್ಟು ಎದ್ದರು. ಬಾಗಿಲು ಮುಚ್ಚಿ ಆ ಕಡೆಯಿಂದ ಚಿಲಕ ಹಾಕಿದರು. ಅಪ್ಪ ಈ ಕಡೆಯ ಚಿಲಕ ಹಾಕಿ, ಕಪಾಟನ್ನು ಎಳೆದು ಅಡ್ಡ ಇಟ್ಟರು. ಆ ಕಡೆ ಟ್ರಂಕು ಎಳೆದ ಸದ್ದಾಯಿತು. ಗಡಿ ಸಿದ್ಧವಾಯಿತು.

ನಮ್ಮ ಮನೆತನದಲ್ಲೊಂದು ಕಟ್ಟಳೆಯಿತ್ತು. ಹಿರಿಯರು ಕರೆಯದೆ ಕಿರಿಯ ಮುಂದೆ ಬಿದ್ದು ಮಾತಾಡಬಾರದು; ಕಿರಿಯ ಬಂದು ಕೇಳಿಕೊಳ್ಳದೆ ಹಿರಿಯ ಅವನ ಮನೆಗೆ ಹೋಗಬಾರದು. ಇಬ್ಬರೂ ಒಟ್ಟಿಗೆ ಮುನಿಸಿಕೊಂಡರೆ ಏನು ಮಾಡಬೇಕೆಂಬುದನ್ನು ಮಾತ್ರ ಪೂರ್ವಜರು ಹೇಳಿ ಹೋಗಿರಲಿಲ್ಲ. ಹಾಗಾಗಿ ಇಬ್ಬರೂ ದಿನವೂ ಗ್ಯಾಲರಿಯಲ್ಲಿ ಎದುರುಬದುರಾಗಿ, ಅಕ್ಕಪಕ್ಕದ ಹಳಿಯ ಲೋಕಲ್ ರೈಲುಗಳಂತೆ ದಾಟಿಹೋಗುತ್ತಿದ್ದರು. ಅಜ್ಜಿ ಚಾಪೆ ಸುತ್ತಿಕೊಂಡು ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ ಇರತೊಡಗಿದಳು.

ಮೂರನೆಯ ಮಳೆಗಾಲದಲ್ಲಿ ಅಜ್ಜಿ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಳು. ತಿಂಗಳು ತುಂಬಿದರೂ ಪಕ್ಕದ ಮನೆಗೆ ಹೋಗುವ ಶಕ್ತಿ ಉಳಿದಿರಲಿಲ್ಲ. ಚಿಕ್ಕಮ್ಮ ಮಕ್ಕಳೊಂದಿಗೆ ಬಂದು ಕಾಲು ನೀವಿ ಹೋಗುತ್ತಿದ್ದಳು. ಚಿಕ್ಕಪ್ಪ ಗ್ಯಾಲರಿಯಲ್ಲೇ ನಿಂತು, ಕಿಟಕಿಯಿಂದ ತಾಯಿಯನ್ನು ನೋಡಿ ಹೋಗುತ್ತಿದ್ದರು. ಅಜ್ಜಿಗೆ ಬೇಕಾಗಿದ್ದದ್ದು ಒಂದೇ: ಇಬ್ಬರು ಮಕ್ಕಳೂ ಒಟ್ಟಿಗೆ ಹತ್ತಿರ ಕೂರಬೇಕು.

ಆ ದಿನ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಅಪ್ಪನ ಕಾರ್ಖಾನೆಯೊಳಗೆ ನೀರು, ಚಿಕ್ಕಪ್ಪನ ಲೋಕಲ್ ಹೋಗುವ ಹಳಿಯ ಮೇಲೆ ನೀರು, ಇಬ್ಬರೂ ಮನೆಯಲ್ಲೇ. ಪತ್ರಿಕೆ ಮಾತ್ರ ಹೇಗೋ ನೆನೆದುಕೊಂಡು ಬಂತು. ನಾನು ಗಟ್ಟಿಯಾಗಿ ಓದಿದೆ. ಅಮೆರಿಕದ ಮತ್ತು ರಷ್ಯಾದ ವ್ಯೋಮನೌಕೆಗಳು ಆಕಾಶದಲ್ಲಿ ಒಂದಕ್ಕೊಂದು ಜೋಡಿಕೊಂಡಿದ್ದವು. ನಡುವಿನ ಬಾಗಿಲು ತೆರೆದು ಎರಡೂ ಕಡೆಯವರು ಕೈ ಕುಲುಕಿದ್ದರು.

"ಎಂತದು? ಮೇಲೆ ಬಾಗಿಲು ತೆರೆದ್ರಾ?" ಅಜ್ಜಿ ಕಣ್ಣು ಬಿಟ್ಟಳು.

"ಹೌದಜ್ಜಿ. ಒಟ್ಟಿಗೆ ಕೂತು ಊಟ ಕೂಡ ಮಾಡಿದ್ರಂತೆ."

ಅಜ್ಜಿ ಅಪ್ಪನ ಕಡೆ ತಿರುಗಿದಳು. "ಹಾಗಾದ್ರೆ ಈ ಕಪಾಟು ಇನ್ನು ಯಾರಿಗೆ ಅಡ್ಡ ಇಟ್ಟದ್ದು, ಮಗಾ?"

ಅಪ್ಪ ಎದ್ದರು. ತಲೆ ಬಾಚಿಕೊಂಡರು. ಇಸ್ತ್ರಿಯ ಅಂಗಿ ತೊಟ್ಟರು. ಮನೆಯೊಳಗೆ ಅಪ್ಪ ಅಂಗಿ ತೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಕಪಾಟನ್ನು ಸರಿಸಿದರು. ಒದ್ದೆ ಮರದ, ನುಸಿಗುಳಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಚಿಲಕ ತೆಗೆದು, ಬಾಗಿಲಿಗೆ ಎದುರಾಗಿ ಸ್ಟೂಲು ಹಾಕಿ ಕುಳಿತರು. "ಚಹಾ ಒಂದು ಲೋಟ ಜಾಸ್ತಿ ಇಡು," ಎಂದರು ಅಮ್ಮನಿಗೆ.

ಆ ಕಡೆಯೂ ಟ್ರಂಕು ಕರಕರ ಸದ್ದು ಮಾಡಿತು. ಅಪ್ಪನ ಮುಖ ಇಳಿಯಿತು. "ಇನ್ನಷ್ಟು ಒತ್ತಿ ಇಟ್ಟ," ಎಂದರು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಗೋಳಿಬಜೆ ಕರಿಯುವ ಪರಿಮಳ ಬಂತು. ಹಸಿಮೆಣಸು, ಶುಂಠಿ, ಬಿಸಿ ಎಣ್ಣೆ. ಅಕ್ಕ ಆಸೆಯಿಂದ ಮೂಗರಳಿಸಿದಳು.

"ಅವನ ಮನೆಗೆ ಯಾರೋ ನೆಂಟರು ಬರ್ತಾರೆ ಕಾಣ್ತದೆ," ಎಂದರು ಅಪ್ಪ.

ಚಹಾದ ಮೇಲೆ ಕೆನೆ ಕಟ್ಟಿತು. ಸಂಜೆಯವರೆಗೂ ಅಜ್ಜಿ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಗೋಡೆಯ ಕಡೆ ಹೊರಳಿಕೊಂಡಳು. ಅಪ್ಪ ಕಪಾಟನ್ನು ಮತ್ತೆ ಅಡ್ಡ ತಳ್ಳಿದರು.

ಎಂಟನೆಯ ದಿನ ಅಜ್ಜಿ ಹೋದಳು. ಚಟ್ಟದ ಮುಂಭಾಗಕ್ಕೆ ಅಪ್ಪ ಬಲಗಡೆ, ಚಿಕ್ಕಪ್ಪ ಎಡಗಡೆ ಹೆಗಲು ಕೊಟ್ಟರು. ಆಗಲೂ ಕಟ್ಟಳೆ ಮುರಿಯಲಿಲ್ಲ.

ಆಮೇಲೆ ಲೋಕದಲ್ಲಿ ಏನೇನೋ ಆಯಿತು. ಅಪ್ಪನ ರಷ್ಯಾದ ಒಕ್ಕೂಟ ಹೋಳು ಹೋಳಾಯಿತು. ಎರಡು ದೇಶಗಳೂ ತಬ್ಬಿಕೊಂಡವು, ಮತ್ತೆ ಹಲ್ಲು ಕಡಿದವು, ಈಗಲೂ ಕಡಿಯುತ್ತಿವೆ. ನಮ್ಮಲ್ಲಿ ಅಂಥ ಏರಿಳಿತವೇನೂ ಇರಲಿಲ್ಲ. ಚಿಕ್ಕಪ್ಪ ಬೊರಿವಲಿಯಲ್ಲಿ ಮನೆ ಮಾಡಿ, ಚಾಳಿನ ಕೋಣೆಗೆ ಬೀಗ ಹಾಕಿ ಹೋದರು.

ಚಾಳ್ ಕೆಡವುವ ಮುನ್ನ ಅವರ ಮಗಳು ಕೋಣೆ ಖಾಲಿ ಮಾಡಲು ಬಂದಿದ್ದಳು. ಹಳೆಯದನ್ನೆಲ್ಲ ನೆನೆಯುತ್ತಾ ಅಂದಳು: "ಆ ಮಳೆ ದಿನ ಅಪ್ಪ ಟ್ರಂಕು ಸರಿಸಿ, ಚಿಲಕ ತೆಗೆದು, ಗೋಳಿಬಜೆ ಮಾಡಿಸಿ, ನಮ್ಗೆ ಒಂದೂ ಮುಟ್ಲಿಕ್ಕೆ ಬಿಡ್ಲಿಲ್ಲ. ದೊಡ್ಡಪ್ಪ ಕರೀತಾರೆ, ತಗೊಂಡು ಹೋಗ್ಲಿಕ್ಕುಂಟು ಅಂತ ಬಾಗಿಲ ಹತ್ರವೇ ಕೂತಿದ್ರು."

ನಾನು ಕಪಾಟನ್ನು ಸರಿಸಿ ಬಾಗಿಲನ್ನು ಬೆರಳಿನಿಂದ ತಳ್ಳಿದೆ. ತೆರೆದುಕೊಂಡಿತು.

ಈಗ ಅದೇ ಜಾಗದಲ್ಲಿ ಎದ್ದ ಕಟ್ಟಡದ ಇಪ್ಪತ್ತೊಂದನೆಯ ಮಹಡಿಯಲ್ಲಿ ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಬಾಗಿಲು ಹಾಕಿಕೊಂಡೇ, ಮುಖ ನೋಡದ ರಷ್ಯಾದ ಹುಡುಗನೊಂದಿಗೂ ಅಮೆರಿಕದ ಹುಡುಗಿಯೊಂದಿಗೂ ಒಂದೇ ತಂಡದಲ್ಲಿ ಆಟ ಆಡುತ್ತೀರಿ. ಚಿಕ್ಕಪ್ಪನ ಬೊರಿವಲಿಯ ಮರಿಮಕ್ಕಳ ಹೆಸರು ಮಾತ್ರ ನಿಮಗೆ ಗೊತ್ತಿಲ್ಲ. "ಅಜ್ಜ, ಸಿಂಪಲ್, ಒಂದು ಮೆಸೇಜ್ ಹಾಕ್ಬಹುದಿತ್ತಲ್ಲ?" ಎಂದು ನಿನ್ನೆ ನಿಮ್ಮಲ್ಲೊಬ್ಬಳು ಕೇಳಿದಳು.

ಹಾಕಬಹುದಿತ್ತು. ಬಾಗಿಲನ್ನು ತಟ್ಟಲೂಬಹುದಿತ್ತು. ಅಪ್ಪ ಮೊದಲು ತೀರಿಕೊಂಡರು, ಮರುವರ್ಷ ಚಿಕ್ಕಪ್ಪ. ಇಬ್ಬರೂ ಮತ್ತೆ ಮಾತಾಡಲಿಲ್ಲ.